ಗಣಪತಿ ಹೆಗಡೆ ಒಬ್ಬರೋ, ಐವರೋ?

ಪ್ರಶ್ನೆ: ಶಿರಸಿಯ ನಮ್ಮ ಸಣ್ಣ ಆಸ್ಪತ್ರೆಯ ಮೂರು ವರ್ಷದ ಓಪಿಡಿ (ಹೊರರೋಗಿ) ಪಟ್ಟಿಯನ್ನು ಎಕ್ಸೆಲ್‌ನಿಂದ ಹೊಸ ಸಾಫ್ಟ್‌ವೇರ್‌ಗೆ ಹಾಕಬೇಕಿದೆ. ‘ಗಣಪತಿ ಹೆಗಡೆ’ ಎಂದು ಹುಡುಕಿದರೆ ಹದಿನೇಳು ಸಾಲು ಬರುತ್ತವೆ. ‘ರಿಮೂವ್ ಡುಪ್ಲಿಕೇಟ್ಸ್’ ಒತ್ತಿದರೆ ಸಾಕೇ?

ಉತ್ತರ: ದಯವಿಟ್ಟು ಒತ್ತಬೇಡಿ. ಅದು ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಅಳಿಸುತ್ತದೆ. ಹೆಸರಿನ ಕಾಲಂ ಒಂದನ್ನೇ ಆರಿಸಿದಿರೋ, ಬೇರೆ ಬೇರೆ ಮನುಷ್ಯರ ಸಾಲುಗಳು ಮಾಯ. ಎಲ್ಲ ಕಾಲಂ ಆರಿಸಿದಿರೋ, ‘ಹೆಗಡೆ’, ‘ಹೆಗ್ಡೆ’ ಎಂಬಷ್ಟಕ್ಕೇ ಒಬ್ಬರು ಇಬ್ಬರಾಗಿ ಉಳಿಯುತ್ತಾರೆ. ಘಟ್ಟದ ಮೇಲೆ ಹೆಗಡೆ, ಭಟ್ಟ. ಕೆಳಗೆ ನಾಯ್ಕ, ಗೌಡ. ನಮ್ಮ ಜಿಲ್ಲೆಯಲ್ಲಿ ಹೆಸರು ನಂಬಿ ಗುರುತು ಹಿಡಿಯುವಂತಿಲ್ಲ.

ಮೂಲ ಫೈಲನ್ನು ಎತ್ತಿಟ್ಟು ಪ್ರತಿಯ ಮೇಲೆ ಕೆಲಸ ಮಾಡಿ. ಮೊಬೈಲ್ ನಂಬರಿನ ಮುಂದಿನ +91, ಸೊನ್ನೆ, ನಡುವಿನ ಖಾಲಿ ಜಾಗ ತೆಗೆದು ಹತ್ತು ಅಂಕಿಗೆ ತನ್ನಿ. ಮನೆಮಂದಿಗೆಲ್ಲ ಒಂದೇ ನಂಬರ್ ಕೊಟ್ಟಿರುತ್ತಾರೆ, ಹಾಗಾಗಿ ಅದೊಂದೇ ಸಾಲದು. ತಂದೆ ಅಥವಾ ಗಂಡನ ಹೆಸರು, ಊರು, ಲಿಂಗ, ಹುಟ್ಟಿದ ವರ್ಷ ಕೂಡ ಹೊಂದಬೇಕು. ಹುಲೇಕಲ್, ಹುಲೆಕಲ್ ಒಂದೇ ಊರೆಂದು ಕಂಪ್ಯೂಟರ್‌ಗೆ ತಿಳಿಯದು; ಪ್ರತಿ ಊರಿಗೂ ಸರ್ಕಾರ ಕೊಟ್ಟಿರುವ ಗುರುತಿನ ಸಂಖ್ಯೆ, ಅಂದರೆ ಎಲ್‌ಜಿಡಿ ಕೋಡ್, ಹಾಕಿ. 2022ರಲ್ಲಿ ‘ವಯಸ್ಸು 62’ ಎಂದು ಬರೆದವರು ಪಟ್ಟಿಯಲ್ಲಿ ಇಂದಿಗೂ 62ರವರೇ. ಭೇಟಿಯ ವರ್ಷದಿಂದ ವಯಸ್ಸು ಕಳೆದು ಹುಟ್ಟಿದ ವರ್ಷ ಬರೆದು, ಪಕ್ಕದ ಕಾಲಂನಲ್ಲಿ ‘ಅಂದಾಜು’ ಎಂದು ಗುರುತು ಹಾಕಿ.

ಸಂಶಯವಿದ್ದರೆ ಬೇರೆಯಾಗಿಯೇ ಬಿಡಿ. ಒಬ್ಬರು ಇಬ್ಬರಾಗಿ ಉಳಿದರೆ ಹಳೇ ರಿಪೋರ್ಟ್ ಸಿಗದೆ ಪರದಾಟ. ಇಬ್ಬರು ಒಂದಾದರೆ ಒಬ್ಬರ ಪೆನ್ಸಿಲಿನ್ ಅಲರ್ಜಿ ಇನ್ನೊಬ್ಬರ ಕಡತಕ್ಕೆ ಹೋಗುತ್ತದೆ. ಒಂದು ಮಾಡಿದವರದ್ದೂ ಹಳೇ ರೋಗಿ ನಂಬರ್ ಅಳಿಸದೆ ಹೊಸದಕ್ಕೆ ಜೋಡಿಸಿಡಿ, ತಪ್ಪಾದರೆ ಬಿಡಿಸಲು ದಾರಿ ಇರಲಿ.

ತಾರೀಖನ್ನೂ ನೋಡಿಕೊಳ್ಳಿ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ ಏಪ್ರಿಲ್ 3ಕ್ಕೆಂದು ಬರೆದ 03/04/2023 ಸದ್ದಿಲ್ಲದೆ ಮಾರ್ಚ್ 4 ಆಗುತ್ತದೆ. 13/04/2023ಕ್ಕೆ ಹದಿಮೂರನೇ ತಿಂಗಳು ಸಿಗದೆ ಅದು ಬರೀ ಅಕ್ಷರವಾಗಿ ಕೋಶದ ಎಡಕ್ಕೆ ಅಂಟಿ ನಿಲ್ಲುತ್ತದೆ. ಹಾಗೆ ಎಡಕ್ಕೆ ಅಂಟಿದವು ಕಂಡರೆ, ಬಲಕ್ಕೆ ನೆಟ್ಟಗೆ ಕೂತವನ್ನೇ ಮೊದಲು ಅನುಮಾನಿಸಿ. ಸರಿಪಡಿಸಿ 2023-04-03 ರೂಪದಲ್ಲಿ ಇಡಿ.

ಇನ್ನು ಮುಂದೆ ಕೌಂಟರ್‌ನಲ್ಲಿ 14 ಅಂಕಿಯ ಆಭಾ (ಸರ್ಕಾರದ ಆರೋಗ್ಯ ಖಾತೆ) ಸಂಖ್ಯೆ ಕೇಳಿ, ಕಡ್ಡಾಯ ಮಾತ್ರ ಮಾಡಬೇಡಿ. ಕಡ್ಡಾಯ ಮಾಡಿದಲ್ಲೆಲ್ಲ, ಕೌಂಟರ್ ಮುಂದೆ ಜನರ ಸಾಲು ಬೆಳೆದ ಹೊತ್ತಿಗೆ, ಹದಿನಾಲ್ಕು ಸೊನ್ನೆ ಬೀಳುತ್ತವೆ.

ಪ್ರಶ್ನೆ: ಸಿದ್ದಾಪುರ ಕಡೆಯ ಜ್ವರದ ರೋಗಿಗಳಿಗೆ ಮಂಗನ ಕಾಯಿಲೆಯ (ಕೆಎಫ್‌ಡಿ) ಕೋಡ್ ಯಾವಾಗ ಹಾಕಬೇಕು?

ಉತ್ತರ: ಪರೀಕ್ಷೆಯಲ್ಲಿ ಖಚಿತವಾದ ಮೇಲೆ: ಮೊದಲ ದಿನಗಳಲ್ಲಿ ವೈರಸ್ ಹುಡುಕುವ ಆರ್‌ಟಿ-ಪಿಸಿಆರ್, ತಡವಾಗಿ ಬಂದವರಿಗೆ ರಕ್ತದ ಪ್ರತಿಕಾಯ ನೋಡುವ ಐಜಿಎಂ. ಆಗ ರೋಗಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿಯಾದ ಐಸಿಡಿ-10ರ ಎ98.2. ಅಲ್ಲಿಯವರೆಗೆ ಕಾರಣ ತಿಳಿಯದ ಜ್ವರ, ಆರ್50.9. ರಿಪೋರ್ಟ್ ಬಂದಾಗ ಕೋಡ್ ಬದಲಿಸುವ ಹೊಣೆ ಒಬ್ಬರ ಮೇಲಿರಲಿ, ಇಲ್ಲದಿದ್ದರೆ ಆರ್50.9 ಹಾಗೇ ಉಳಿದುಬಿಡುತ್ತದೆ. ಟಿಪ್ಪಣಿಯಲ್ಲಿ ‘ಕೆಎಫ್‌ಡಿ’ ಪದ ಹುಡುಕಿ ಲೆಕ್ಕ ಕೊಡಬೇಡಿ. ‘ಕೆಎಫ್‌ಡಿ ನೆಗೆಟಿವ್’ ಎಂದು ಬರೆದವರೂ ಅದರಲ್ಲಿ ಸೇರಿಬಿಡುತ್ತಾರೆ.