ಎಲೆ ಮೇಲೆ ಕಳಿಸೋ ಅವಸರ ಬೇಡ, ಅಕ್ಕಾವ್ರೇ

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ. ಬಿಲ್ ಮಾಡಲಿಕ್ಕೆ ಅಂತ ಮಗ ಕಂಪ್ಯೂಟರ್ ತಂದು ಗಾಜಿನ ಕೌಂಟರ್ ಮೇಲೆ ಇಟ್ಟ. ನನಗೆ ಮೌಸ್ ಹಿಡಿಯೋದೇ ಬರುತ್ತಿರಲಿಲ್ಲ. ಜೋಡಿಸಿಕೊಟ್ಟ ಹುಡುಗ ‘ಸಾಲಿಟೇರ್ ಆಡ್ರಿ ಅಕ್ಕಾರ, ಕೈ ತಾನ ಕೂಡತೈತಿ’ ಅಂದ. ಎರಡು ತಿಂಗಳಿಂದ ಮಧ್ಯಾಹ್ನ ಗಿರಾಕಿ ಇಲ್ಲದಾಗ ಒಬ್ಬಳೇ ಕೂತು ಈ ಇಸ್ಪೀಟ್ ಆಟ ಆಡುತ್ತಿದ್ದೇನೆ. ಗೆದ್ದಿದ್ದು ಎರಡೇ ಸಲ. ಚಲೋ ನಡೆದ ಆಟ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ತಪ್ಪು ನನ್ನದೋ, ಆಟದ್ದೋ? ಒಂದೊಂದೇ ಎಲೆ ತೆಗೆದು ಆಡಬೇಕೋ, ಮೂರು ಮೂರೋ? ಹಿಂದಕ್ಕೆ ಹೋಗೋ ಬಟನ್ ಒತ್ತಿದರೆ ಸೊಸೆ ‘ಇದು ಮೋಸ’ ಅಂತ ನಗುತ್ತಾಳೆ. ಇನ್ನೊಂದು, ಎಲೆ ಎಳೆಯುವಾಗ ಕೆಲವು ಸಲ ನಡುವೆಯೇ ಜಾರಿ ವಾಪಸ್ ಹೋಗುತ್ತದೆ. ಯಾಕೆ?
— ಓದುಗರೊಬ್ಬರು, ಇಳಕಲ್

ಉತ್ತರ: ಅಕ್ಕಾವ್ರೇ, ಆ ಹುಡುಗನ ಸಲಹೆ ಸರಿಯಾಗಿದೆ. 1990ರಲ್ಲಿ ವಿಂಡೋಸ್ 3.0 ಜೊತೆ ಈ ಆಟ ಬಂದಾಗ ಮೌಸ್ ಅನ್ನೋದೇ ಬಹಳ ಜನಕ್ಕೆ ಹೊಸದು. ಒತ್ತಿ ಹಿಡಿಯೋದು, ಎಳೆಯೋದು, ಬಿಡೋದು ಆಟ ಆಡ್ತಾ ಆಡ್ತಾ ರೂಢಿಯಾಗುತ್ತಿತ್ತು. ಬೆಳಗಾವಿಯ ನನ್ನ ಕ್ಲಾಸಿಗೆ ಬರುವ ಹಿರಿಯರಿಗೆ ನಾನೂ ಮೊದಲ ವಾರ ಇದನ್ನೇ ಆಡಿಸುತ್ತೇನೆ. ಈ ಪ್ರೋಗ್ರಾಂ ಬರೆದ ವೆಸ್ ಚೆರ್ರಿ ಆಗ ಮೈಕ್ರೋಸಾಫ್ಟ್‌ನಲ್ಲಿ ಇಂಟರ್ನ್. ಸಾಹೇಬರು ಬಂದಾಗ ಆಟ ಮರೆಮಾಡಿ ಲೆಕ್ಕದ ಹಾಳೆ ತೋರಿಸೋ ಒಂದು ಕೀ ಕೂಡ ಇಟ್ಟಿದ್ದರು. ಕಂಪನಿ ಅದನ್ನು ತೆಗೆಸಿತು. ಗಿರಾಕಿ ಬಂದಾಗ ನಿಮಗೆ ಉಪಯೋಗಕ್ಕೆ ಬರುತ್ತಿತ್ತು, ಅಲ್ವಾ!

ಈಗ ಆಟಕ್ಕೆ ಬರೋಣ. ಒಟ್ಟು 52 ಎಲೆ. ಏಳು ಸಾಲಿನಲ್ಲಿ 28 ಎಲೆ ಹಾಸಿರುತ್ತದೆ, 24 ಕಟ್ಟಿನಲ್ಲಿ ಉಳಿಯುತ್ತವೆ. ಸಾಲಿನಲ್ಲಿ ಎಲೆ ಕೂರೋದು ಒಂದು ಕೆಂಪು ಒಂದು ಕಪ್ಪು, ಅಂಕಿ ಒಂದೊಂದೇ ಇಳಿಯುತ್ತಾ; ಮೇಲಿನ ನಾಲ್ಕು ಮನೆಯಲ್ಲಿ ಒಂದೊಂದು ಜಾತಿಯ ಎಲೆ ಎಕ್ಕದಿಂದ ರಾಜನವರೆಗೆ ಹತ್ತಿಸಿದರೆ ಗೆಲುವು. ಹಾಸಿದ 28ರಲ್ಲಿ ಮುಖ ಕಾಣೋದು ಏಳು ಮಾತ್ರ, 21 ಮುಚ್ಚಿರುತ್ತವೆ. ನಿಮ್ಮ ಆಟ ನಿಲ್ಲೋದು ಈ 21ರಲ್ಲಿ ಯಾವುದೋ ಒಂದರ ಕೆಳಗೆ ಬೇಕಾದ ಎಕ್ಕವೋ ಎರಡೋ ಅಡಗಿ ಕೂತಾಗ. ಹಾಗಾಗಿ ಪ್ರತಿ ಸಲ ಎಲೆ ಎತ್ತೋ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಮುಚ್ಚಿದ್ದೊಂದು ತೆರೆಯುತ್ತದಾ? ಇಲ್ಲ ಅಂದರೆ ಆ ಎಲೆ ಅಲ್ಲೇ ಇರಲಿ. ಮಡಿಕೆ ಬಿಚ್ಚದೆ ಸೀರೆ ಮಾರಾಟ ಆಗಲ್ಲ ಅನ್ನೋದು ನಿಮಗೆ ನಾನು ಹೇಳಬೇಕೇ?

ಒಂದು ಉದಾಹರಣೆ ನೋಡಿ. ನಾಲ್ಕನೇ ಸಾಲಿನಲ್ಲಿ ಇಸ್ಪೀಟ ಏಳು ತೆರೆದಿದೆ. ಎರಡನೇ ಸಾಲಿನಲ್ಲಿ ಚೌಕಟ ಆರು, ಅದರ ಕೆಳಗೆ ಮುಚ್ಚಿದ್ದು ಒಂದೇ. ಆರನೇ ಸಾಲಿನಲ್ಲಿ ಬದಾಮ ಆರು, ಅದರ ಕೆಳಗೆ ಮುಚ್ಚಿದ್ದು ಐದು. ಎರಡು ಆರರಲ್ಲಿ ಒಂದು ಮಾತ್ರ ಏಳರ ಮೇಲೆ ಕೂರಬಹುದು. ಹೆಚ್ಚಿನವರು ಎರಡನೇ ಸಾಲಿಗೆ ಕೈ ಹಾಕುತ್ತಾರೆ, ಬೇಗ ಖಾಲಿಯಾಗುತ್ತೆ ಅಂತ. ಆದರೆ ಖಾಲಿ ಜಾಗಕ್ಕೆ ರಾಜ ಮಾತ್ರ ಬರಬೇಕು. ರಾಜ ಕೈಗೆ ಸಿಗೋ ಹಾಗಿಲ್ಲ ಅಂದರೆ ಆ ಜಾಗ ಸುಮ್ನೆ ಬಿದ್ದಿರುತ್ತದೆ. ನಾನಾದರೆ ಬದಾಮ ಆರನ್ನೇ ಎತ್ತುತ್ತೇನೆ.

ಇನ್ನು ನಿಮ್ಮ ದೊಡ್ಡ ತೊಂದರೆ ಬೇರೆ ಕಡೆ ಇದೆ ಅಂತ ನನ್ನ ಅನುಮಾನ. ಡಬಲ್ ಕ್ಲಿಕ್ ಕಲಿತ ಮೇಲೆ ಸಿಕ್ಕ ಸಿಕ್ಕ ಎಲೆಯನ್ನೆಲ್ಲ ಮೇಲಿನ ನಾಲ್ಕು ಮನೆಗೆ ಕಳಿಸುತ್ತಿರಬೇಕು, ಹೌದಲ್ಲ? ನನ್ನ ಕ್ಲಾಸಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಏಳರಿಂದ ಶುರುಮಾಡಿ ಮೇಲೆ ಕೆಳಗೆ ಎಲೆ ಜೋಡಿಸೋ ಬದಾಮ ಸತ್ತಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಜಾಣರು ಬೇರೆ ಎಲೆ ಇದ್ದರೆ ಆರು, ಎಂಟು ಕೈಯಲ್ಲೇ ಹಿಡಿದು ಪಕ್ಕದವರನ್ನು ಕಟ್ಟಿಹಾಕುತ್ತಾರೆ. ಇಲ್ಲಿ ಪಕ್ಕದಲ್ಲಿ ಯಾರೂ ಇಲ್ಲ. ಅವಸರಪಟ್ಟರೆ ಕಟ್ಟಿಹಾಕಿಕೊಳ್ಳೋದು ನಮ್ಮನ್ನೇ.

ಹೇಗೆ ಅಂದರೆ, ಬದಾಮ ನಾಲ್ಕರವರೆಗೆ ಮೇಲೆ ಹೋಗಿದೆ. ಕೆಳಗೆ ಬದಾಮ ಐದು ಕಾಣುತ್ತಿದೆ. ನೀವು ಟಪ್ಪಂತ ಅದನ್ನೂ ಕಳಿಸಿದಿರಿ. ಆಮೇಲೆ ನೋಡಿದರೆ ಐದನೇ ಸಾಲಿನ ಕೊನೆಗೆ ಕಿಲವರ ನಾಲ್ಕು, ಅದರ ಅಡಿಯಲ್ಲಿ ಇನ್ನೂ ಮೂರು ಮುಚ್ಚಿದವು. ಕಪ್ಪು ನಾಲ್ಕು ಕೂರೋದು ಕೆಂಪು ಐದರ ಮೇಲೆ. ಒಂದು ಕೆಂಪು ಐದನ್ನು ನೀವೇ ಮೇಲೆ ಕಳಿಸಿದ್ದೀರಿ, ಇನ್ನೊಂದು ಎಲ್ಲೋ ಮುಚ್ಚಿಕೊಂಡಿದೆ. ಆಟ ನಿಂತಿತು. ಎಕ್ಕ, ಎರಡು ಯೋಚನೆ ಮಾಡದೆ ಕಳಿಸಿ. ಮೂರರಿಂದ ಮುಂದೆ ತಡೆಯಿರಿ. ಕಪ್ಪು ನಾಲ್ಕು ಎರಡೂ ಮೇಲೆ ಹೋದ ಮೇಲೆ ಕೆಂಪು ಐದನ್ನು ಧೈರ್ಯವಾಗಿ ಕಳಿಸಬಹುದು. ಬೇರೆ ಅಂಕಿಗೂ ಇದೇ ಲೆಕ್ಕ. ಹಾಗೂ ತಪ್ಪಿದರೆ ಹೆಚ್ಚಿನ ಆಟಗಳಲ್ಲಿ ಮೇಲೆ ಹೋದ ಎಲೆಯನ್ನು ಮತ್ತೆ ಕೆಳಗೆ ಎಳೆಯಬಹುದು. ವಿಂಡೋಸಿನ ಹಳೆಯ ಆಟದಲ್ಲಿ ಅದಕ್ಕೆ 15 ಅಂಕ ಕಳೆಯುತ್ತಿತ್ತು. ಕಳೆಯಲಿ ಬಿಡಿ.

ಸದ್ಯಕ್ಕೆ ಒಂದೊಂದೇ ಎಲೆ ತೆಗೆಯೋ ಆಟವೇ ಸಾಕು. ಮೂರು ಮೂರು ತೆಗೆದರೆ 24ರಲ್ಲಿ ಮೊದಲ ಸುತ್ತಿಗೆ ಕೈಗೆ ಸಿಗೋದು ಪ್ರತಿ ಮೂರನೆಯದು, ಅಂದರೆ ಎಂಟು. ನಡುವೆ ಒಂದನ್ನು ಬಳಸಿದರೆ ಮುಂದಿನ ಸುತ್ತಿನಲ್ಲಿ ಅದರ ನಂತರದ ಲೆಕ್ಕವೆಲ್ಲ ಬದಲಾಗುತ್ತದೆ. ಅದೊಂದು ಮಜಾ, ಆದರೆ ಆಮೇಲೆ.

ಸೋತಿದ್ದೆಲ್ಲ ನಿಮ್ಮ ತಪ್ಪಲ್ಲ. ಮುಚ್ಚಿದ ಎಲೆ ಎಲ್ಲೆಲ್ಲಿವೆ ಅಂತ ಮೊದಲೇ ಗೊತ್ತಿದ್ದರೂ, ಮೂರು ಮೂರು ತೆಗೆಯೋ ಆಟದಲ್ಲಿ ನೂರಕ್ಕೆ ಸುಮಾರು 82 ಸಲ ಮಾತ್ರ ಗೆಲ್ಲೋಕೆ ಸಾಧ್ಯ ಅಂತ ಕಂಪ್ಯೂಟರ್‌ನಿಂದಲೇ ಲೆಕ್ಕ ಹಾಕಿಸಿ ನೋಡಿದ್ದಾರೆ. ಉಳಿದ 18ರಲ್ಲಿ ಬ್ರಹ್ಮ ಬಂದು ಕೂತರೂ ಆಗಲ್ಲ. ನಮಗೆ ಎಲೆ ಕಾಣೋದೂ ಇಲ್ಲವಲ್ಲ, ಹಾಗಾಗಿ ಇನ್ನೂ ಕಷ್ಟ.

ಸೊಸೆಯ ಮಾತು ಅರ್ಧ ನಿಜ. ಮುಚ್ಚಿದ ಎಲೆ ತೆರೆದು ನೋಡಿ, ಬೇಡ ಅಂತ ಹಿಂದಕ್ಕೆ ಬಂದರೆ ಅದು ಇಣುಕಿದ ಹಾಗೇ. ಆದರೆ ಕಲಿಯೋವಾಗ ಇಣುಕಬೇಕು. ಆಟ ನಿಂತಾಗ ಹಿಂದೆ ಹಿಂದೆ ಬಂದು, ಎರಡು ದಾರಿ ಇದ್ದ ಜಾಗಕ್ಕೆ ತಲುಪಿ ಇನ್ನೊಂದು ದಾರಿ ಹಿಡಿದು ನೋಡಿ. ಎಲ್ಲಿ ಎಡವಿದಿರಿ ಅನ್ನೋದು ಹಾಗೆಯೇ ಗೊತ್ತಾಗೋದು. ಹಾಗೆ ಗೆದ್ದಿದ್ದನ್ನು ಬೇರೆ ಲೆಕ್ಕ ಇಡಿ, ಸೊಸೆ ಸುಮ್ಮನಾಗುತ್ತಾಳೆ.

ಕೊನೆಗೆ ಎಲೆ ಜಾರೋ ವಿಷಯ. ಎಳೆಯುವಾಗ ಬೆರಳು ಒಂಚೂರು ಸಡಿಲವಾದರೂ ಎಲೆ ವಾಪಸ್ ಹೋಗುತ್ತದೆ, ಅದು ಅಭ್ಯಾಸದಿಂದ ಸರಿಹೋಗುತ್ತದೆ. ಆದರೆ ನಿಮ್ಮದು ಗಾಜಿನ ಕೌಂಟರ್. ಬೆಳಕಿನ ಮೌಸ್ ತನ್ನ ಅಡಿಯಲ್ಲಿರುವ ಮೇಜಿನ ಮೈಯನ್ನು ನೋಡಿಕೊಂಡು ನಡೆಯುತ್ತದೆ. ಪಾರದರ್ಶಕ ಗಾಜಿನ ಮೇಲೆ ಅದಕ್ಕೆ ಹಿಡಿತ ಸಿಗದೆ ಬಾಣದ ಗುರುತು ಎಲ್ಲೆಲ್ಲೋ ಹಾರುತ್ತದೆ. ಸೀರೆ ಡಬ್ಬಿಯ ರಟ್ಟು ಒಂದನ್ನು ಕತ್ತರಿಸಿ ಮೌಸ್ ಕೆಳಗೆ ಹಾಕಿ. ಹೊಳೆಯೋ ಕಡೆ ಕೆಳಗಿರಲಿ, ಮಂಕು ಕಡೆ ಮೇಲೆ.