ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಕೀಮಾ ಫೈಲಿಂದ ಜನ ಓದೋ ಪುಟ ಮಾಡೋದು ಹೇಗೆ?

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಾವು ನಾಲ್ಕು ಮಂದಿ ಸೇರಿ ಅಂಗಡಿ, ಲಾಡ್ಜ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತೀವ್ರಿ. ಬೇರೆ ಕಂಪನಿಯವರು ಅವರ ಸಾಫ್ಟ್‌ವೇರಿಂದ ನಮಗ ಬಿಲ್ ಡೇಟಾ ಕಳಿಸಬೇಕಂದ್ರ ಒಂದು ಜೇಸನ್ ಸ್ಕೀಮಾ ಫೈಲ್ (ಯಾವ ಫೀಲ್ಡ್ ಇರಬೇಕು, ಅದರಾಗ ಎಂಥಾ ಡೇಟಾ ಬರಬೇಕು ಅಂತ ಹೇಳೋ ಫೈಲ್) ಕೊಡ್ತೀವಿ, ಅದರ ಜೋಡಿ ಎರಡು ವರ್ಷದ ಹಿಂದ ಬರೆದ ವರ್ಡ್ ಫೈಲ್. ಸ್ಕೀಮಾ ಎಷ್ಟೋ ಸಲ ಬದಲಾಗೇತಿ, ವರ್ಡ್ ಫೈಲ್ ಹಂಗ ಐತಿ. ದಿನಾ ಫೋನ್ ಬರ್ತಾವ್ರಿ, "ಈ ಫೀಲ್ಡಿನ್ಯಾಗ ಏನ್ ಹಾಕ್ಬೇಕು" ಅಂತ. ಸ್ಕೀಮಾದಿಂದನ ವೆಬ್ ಪುಟ ತಾನಾಗೇ ಮಾಡಬಹುದು ಅಂತಾರಲ್ರಿ, ಖರೇನ? ಯಾವ ಟೂಲ್ ಚಲೋ?
— ಹುಬ್ಬಳ್ಳಿಯ ಓದುಗರು

ಉತ್ತರ: ನಿಜ, ಮಾಡಬಹುದು, ಟೂಲ್ ಹೆಸರೂ ಹೇಳ್ತೀನಿ, ಆದ್ರೆ ಮೊದಲು ನಿಮಗೆ ಫೋನ್ ಯಾಕೆ ಬರ್ತಿದೆ ಅಂತ ನೋಡೋಣ, ಯಾಕಂದ್ರೆ ಟೂಲ್ ಹಾಕಿದ ಮೇಲೂ ಅದೇ ಫೋನ್‌ಗಳು ಬರೋ ಸಾಧ್ಯತೆ ಇದೆ.

ನೀವು ಲಾಡ್ಜ್ ಅಂದ್ರಲ್ಲ, ಅದನ್ನೇ ತಗೊಳ್ಳೋಣ. ಜಿಎಸ್‌ಟಿ ಇ-ಇನ್ವಾಯ್ಸ್ ಸ್ಕೀಮಾದಲ್ಲಿ ಖರೀದಿದಾರರ ವಿವರದ ಒಳಗೆ ಎರಡು ಫೀಲ್ಡ್ ಇವೆ, ಒಂದು ಅವರ ವಿಳಾಸದ ರಾಜ್ಯದ ಕೋಡ್, ಇನ್ನೊಂದು ಪ್ಲೇಸ್ ಆಫ್ ಸಪ್ಲೈ, ಅಂದ್ರೆ ಸರಕು ಅಥವಾ ಸೇವೆ ಕೊಟ್ಟ ಜಾಗ ಯಾವ ರಾಜ್ಯ ಅಂತ ಕಾನೂನು ಲೆಕ್ಕ ಹಾಕುತ್ತೋ ಅದು. ಎರಡೂ ಸ್ಟ್ರಿಂಗ್ (ಅಂದ್ರೆ ಅಕ್ಷರಗಳ ಸಾಲು), ಎರಡಕ್ಕೂ ಎರಡೇ ಅಂಕಿ ಸಾಕು, ಎರಡೂ ಕಡ್ಡಾಯ. ಮಷೀನಿನ ಕಣ್ಣಿಗೆ ಇವು ಅವಳಿ ಮಕ್ಕಳ ಥರ. ಈಗ ಚೆನ್ನೈನ ಒಂದು ಕಂಪನಿಯವರು ಮೈಸೂರಿನ ಲಾಡ್ಜಲ್ಲಿ ಎರಡು ರಾತ್ರಿ ಉಳಿದ್ರು ಅನ್ನಿ. ವಿಳಾಸದ ಕೋಡ್ ತಮಿಳುನಾಡಿನ 33, ಆದ್ರೆ ಪ್ಲೇಸ್ ಆಫ್ ಸಪ್ಲೈ ಕರ್ನಾಟಕದ 29, ಯಾಕಂದ್ರೆ ರೂಮ್ ಬಾಡಿಗೆಗೆ ಕಟ್ಟಡ ಎಲ್ಲಿದೆಯೋ ಅದೇ ಲೆಕ್ಕ. ಡೆವಲಪರ್ ಹುಡುಗ ಎರಡಕ್ಕೂ 33 ಹಾಕಿದ್ರೆ ರಾಜ್ಯದೊಳಗಿನ ವ್ಯವಹಾರದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬರಬೇಕಾದ ಬಿಲ್ಲಲ್ಲಿ ಹೊರರಾಜ್ಯದ ವ್ಯವಹಾರದ ಐಜಿಎಸ್‌ಟಿ ಬಂದು ಕೂರುತ್ತೆ. ಸ್ಕೀಮಾ ಏನೂ ತಕರಾರು ತೆಗೆಯಲ್ಲ, 33 ಅನ್ನೋದೂ ಸರಿಯಾದ ಎರಡು ಅಂಕೀನೇ ತಾನೆ.

ಇದನ್ನ ಯಾವ ಟೂಲಿಗೆ ಕೊಟ್ರೂ ಅದು "ಸ್ಟ್ರಿಂಗ್, ಕಡ್ಡಾಯ, ಹೆಚ್ಚಂದ್ರೆ 2 ಅಕ್ಷರ" ಅಂತ ಚೆಂದದ ಬಾಕ್ಸಲ್ಲಿ ತೋರಿಸುತ್ತೆ, ಅಷ್ಟೇ. ನೋಡಿದವರು ಮತ್ತೆ ನಿಮಗೇ ಫೋನ್ ಮಾಡ್ತಾರೆ. ಅದೇ ಫೀಲ್ಡಿನ ಡಿಸ್ಕ್ರಿಪ್ಷನ್‌ನಲ್ಲಿ, ಅಂದ್ರೆ ಸ್ಕೀಮಾದೊಳಗೆ ವಿವರಣೆ ಬರೆಯೋ ಜಾಗದಲ್ಲಿ, "ಇದು ಖರೀದಿದಾರರ ವಿಳಾಸದ ರಾಜ್ಯ ಅಲ್ಲ, ತೆರಿಗೆ ಲೆಕ್ಕಕ್ಕೆ ಹಿಡಿಯೋ ರಾಜ್ಯ, ಲಾಡ್ಜ್ ಬಾಡಿಗೆಗೆ ಲಾಡ್ಜ್ ಇರೋ ರಾಜ್ಯದ ಕೋಡ್ ಹಾಕಿ, ಉದಾಹರಣೆಗೆ 29" ಅಂತ ಎರಡು ಸಾಲು ಇದ್ರೆ ಆ ಫೋನ್ ಬರಲ್ಲ. ಆ ಎರಡು ಸಾಲು ಬರೆಯೋಕೆ ಆಗೋದು ನಿಮ್ಮ ಅಕೌಂಟೆಂಟ್‌ಗೆ. ದಯವಿಟ್ಟು ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದೊಂದು ಫೀಲ್ಡೂ ಓದಿ ಹೇಳಿ, ಅವರು ಬಾಯಲ್ಲಿ ಹೇಳಿದ್ದನ್ನ ಹಾಗೇ ಟೈಪ್ ಮಾಡಿ. ನಾನು ಕೆಲಸ ಮಾಡ್ತಿದ್ದ ಒಂದು ಕಡೆ ದಿನಾಂಕ ಅನ್ನೋ ಫೀಲ್ಡಿಗೆ ವಿವರಣೆ ಅಂತ "ದಿನಾಂಕ" ಅಂತಷ್ಟೇ ಬರೆದಿದ್ರು, ಬಿಲ್ ದಿನಾಂಕಾನಾ ಮಾಲು ಹೋದ ದಿನಾಂಕಾನಾ ಗೊತ್ತಾಗದೆ ಎರಡು ಟೀಮು ಎರಡು ಥರ ತುಂಬಿ, ಮಾರ್ಚ್ ಕೊನೇ ವಾರದ ಬಿಲ್ಲುಗಳೆಲ್ಲ ಯಾವ ವರ್ಷದ ಲೆಕ್ಕಕ್ಕೆ ಅಂತ ಕೂತು ಬಿಡಿಸಿದ್ವಿ.

ಪ್ಯಾಟರ್ನ್ ವಿಷಯಾನೂ ಹೀಗೇ. ಇ-ಇನ್ವಾಯ್ಸಲ್ಲಿ ಬಿಲ್ ನಂಬರ್ 16 ಅಕ್ಷರ ಮೀರಬಾರದು, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಇವಿಷ್ಟೇ ಇರಬಹುದು, ಮೊದಲ ಅಕ್ಷರ ಸೊನ್ನೆ ಆಗಬಾರದು, ಗೆರೆಗಳೂ ಆಗಬಾರದು. ಸ್ಕೀಮಾದಲ್ಲಿ ಇದು ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ (ಯಾವ ಅಕ್ಷರ ಎಲ್ಲಿ ಬರಬಹುದು ಅಂತ ಬ್ರಾಕೆಟ್, ಗುರುತುಗಳಲ್ಲಿ ಬರೆದ ನಿಯಮ) ಆಗಿ ಕೂತಿರುತ್ತೆ, ಟೂಲ್ ಆ ಬ್ರಾಕೆಟ್ ಸಾಲನ್ನ ಹಾಗೇ ಪುಟಕ್ಕೆ ತಂದು ಹಾಕುತ್ತೆ. ಅಂಗಡಿಯವರು 001 ಅಂತ ಬಿಲ್ ನಂಬರ್ ಶುರು ಮಾಡಿರ್ತಾರೆ, ಯಾಕೆ ರಿಜೆಕ್ಟ್ ಆಯ್ತು ಅಂತ ಆ ಬ್ರಾಕೆಟ್ ನೋಡಿ ಅವರಿಗೆ ಗೊತ್ತಾಗೋದು ಹೇಗೆ? ಒಂದು ಸಾಲು ಮಾತಲ್ಲಿ ಬರೀರಿ, ಕೆಳಗೆ ಎಕ್ಸಾಂಪಲ್ಸ್ ಅನ್ನೋ ಕೀಲಿಯಲ್ಲಿ ಎರಡು ಸರಿಯಾದ ನಂಬರ್ ಕೊಡಿ. ಉದಾಹರಣೆ ಅಂತ ನಿಜವಾದ ಗಿರಾಕಿಯ ಜಿಎಸ್‌ಟಿ ನಂಬರ್, ಫೋನ್ ನಂಬರ್ ಮಾತ್ರ ಹಾಕಬೇಡಿ, ಪುಟ ಎಲ್ಲರಿಗೂ ಕಾಣುತ್ತೆ.

ಈಗ ಟೂಲ್. ನಿಮ್ಮದು ಬರೀ ಜೇಸನ್ ಸ್ಕೀಮಾ ಅಂದಿರಲ್ಲ, ಹಾಗಾಗಿ ಜೇಸನ್ ಸ್ಕೀಮಾ ಫಾರ್ ಹ್ಯೂಮನ್ಸ್ ಅನ್ನೋ ಪೈಥಾನ್ ಟೂಲ್ ಸಾಕು, ಪಿಪ್ (ಪೈಥಾನ್ ಟೂಲ್‌ಗಳನ್ನ ಇನ್‌ಸ್ಟಾಲ್ ಮಾಡೋ ಕಮಾಂಡ್) ಮೂಲಕ ಹಾಕ್ಕೊಂಡು ಸ್ಕೀಮಾ ಫೈಲ್ ಹೆಸರು, ಬೇಕಾದ ಪುಟದ ಹೆಸರು ಕೊಟ್ರೆ ಒಂದೇ ಕಮಾಂಡಿಗೆ ಎಚ್‌ಟಿಎಂಎಲ್ ಪುಟ ಬರುತ್ತೆ. ಒತ್ತಿದ್ರೆ ಬಿಚ್ಕೊಳ್ಳೋ ಥರದ ಟೆಂಪ್ಲೇಟ್ ಇದೆ, ಎಲ್ಲಾ ಒಂದೇ ಉದ್ದಕ್ಕೆ ಬರೋ ಫ್ಲಾಟ್ ಟೆಂಪ್ಲೇಟೂ ಇದೆ, ಪ್ರಿಂಟ್ ತೆಗೆಯೋರಿಗೆ ಆ ಫ್ಲಾಟ್ ಒಳ್ಳೇದು. ಪುಟದ ಜೊತೆ ಹುಟ್ಟೋ ಸ್ಟೈಲ್ ಫೈಲನ್ನೂ ಸರ್ವರಿಗೆ ಹಾಕೋದು ಮರೀಬೇಡಿ, ಇಲ್ಲಾಂದ್ರೆ ಪುಟ ಬೋಳಾಗಿ ಕಾಣುತ್ತೆ. ಮುಂದೆ ನೀವು ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡೋ ದಾರಿ) ಪೂರ್ತಿ ಬರೆದು, ಅದನ್ನ ವಿವರಿಸೋ ಓಪನ್ ಎಪಿಐ ಅನ್ನೋ ಮಾನದಂಡಕ್ಕೆ ಹೋದ್ರೆ ಪುಟ ಮಾಡೋಕೆ ಸ್ವಾಗರ್ ಯುಐ ಅಥವಾ ರೀಡಾಕ್ ಟೂಲ್ ನೋಡಿ. ಓಪನ್ ಎಪಿಐ 3.1 ಬಂದ 2021ರಿಂದ ಅದರ ಒಳಗಿನ ಸ್ಕೀಮಾ ಭಾಷೆ ಜೇಸನ್ ಸ್ಕೀಮಾದ 2020-12 ಆವೃತ್ತಿಗೆ ಹೊಂದ್ಕೊಂಡಿದೆ, ಹಾಗಾಗಿ ಈಗ ಬರೆದ ವಿವರಣೆ ಯಾವುದೂ ವ್ಯರ್ಥ ಆಗಲ್ಲ.

ಒಂದು ಕಡೆ ಮಾತ್ರ ಎಲ್ಲರೂ ಎಡವ್ತಾರೆ. ವಿಳಾಸ ಅನ್ನೋದನ್ನ ಒಂದೇ ಕಡೆ ಬರೆದಿಟ್ಟು ಮಾರೋರು, ಕೊಳ್ಳೋರು, ಮಾಲು ಇಳಿಯೋ ಜಾಗ ಮೂರಕ್ಕೂ ರೆಫ್ (ಅಲ್ಲಿ ಬರೆದದ್ದನ್ನೇ ಇಲ್ಲೂ ಬಳಸು ಅನ್ನೋ ಕೀಲಿ) ಹಾಕಿರ್ತೀರಿ, ರೆಫ್ ಪಕ್ಕದಲ್ಲೇ "ಇದು ಮಾಲು ಇಳಿಯೋ ಜಾಗ" ಅಂತ ವಿವರಣೆಯನ್ನೂ ಬರೆದಿರ್ತೀರಿ. ಜೇಸನ್ ಸ್ಕೀಮಾದ ಡ್ರಾಫ್ಟ್ 7 ಮತ್ತು ಅದರ ಹಿಂದಿನ ಆವೃತ್ತಿಗಳ ನಿಯಮ ಏನಂದ್ರೆ ರೆಫ್ ಇದ್ದ ಕಡೆ ಪಕ್ಕದಲ್ಲಿ ಬರೆದದ್ದನ್ನೆಲ್ಲ ಲೆಕ್ಕಕ್ಕೇ ತಗೋಬಾರದು. ಕೆಲವು ಟೂಲ್ ಆ ವಿವರಣೆ ತೋರಿಸ್ತವೆ, ಕೆಲವು ಸುಮ್ನೆ ಬಿಟ್ಟುಬಿಡ್ತವೆ, ನೀವು ಬರೆದದ್ದು ಎಲ್ಲಿ ಹೋಯ್ತು ಅಂತ ಹುಡುಕ್ತಾ ಕೂರ್ತೀರಿ. 2019-09 ಆವೃತ್ತಿಯಿಂದ ಪಕ್ಕದಲ್ಲಿ ಬರೆಯೋಕೆ ಅವಕಾಶ ಇದೆ, ಹಳೇದರಲ್ಲೇ ಇರಬೇಕು ಅಂದ್ರೆ ರೆಫ್‌ನ ಆಲ್-ಆಫ್ ಅನ್ನೋ ಕೀಲಿಯ ಒಳಗೆ ಹಾಕಿ ವಿವರಣೆಯನ್ನ ಹೊರಗಿಡಿ. ಹಾಗೇ ಕಮೆಂಟ್ ಅನ್ನೋ ಕೀಲಿ ಇರೋದು ಸ್ಕೀಮಾ ಬರೆಯೋರು ತಮ್ಮತಮ್ಮಲ್ಲಿ ಮಾತಾಡ್ಕೊಳ್ಳೋಕೆ, ಅದು ಓದುಗರ ಪುಟಕ್ಕೆ ಅಲ್ಲ. ಗಿರಾಕಿಗೆ ಹೇಳೋದು ಡಿಸ್ಕ್ರಿಪ್ಷನ್‌ನಲ್ಲೇ ಇರಲಿ.

ಆ ವರ್ಡ್ ಫೈಲ್‌ನ ಪಕ್ಕಕ್ಕಿಟ್ಟು ಪುಟ ಮಾಡೋ ಕಮಾಂಡ್‌ನ ಗಿಟ್ ಪುಶ್ (ಬದಲಾದ ಫೈಲನ್ನ ಎಲ್ಲರೂ ಬಳಸೋ ಜಾಗಕ್ಕೆ ಕಳಿಸೋದು) ಆದ ಕೂಡ್ಲೇ ಓಡೋ ಥರ ಮಾಡಿ. ವಿವರಣೆ ಇಲ್ಲದ ಫೀಲ್ಡ್ ಒಂದಿದ್ರೂ ಬಿಲ್ಡ್ ನಿಲ್ಲಿಸೋ ಸಣ್ಣ ಸ್ಕ್ರಿಪ್ಟ್ ಬರೀರಿ, ಹೆಚ್ಚು ಸಾಲು ಬೇಕಾಗಲ್ಲ, ಆದ್ರೆ ಹೊಸ ಫೀಲ್ಡ್ ಸೇರಿಸಿದವರು ಸೇರಿಸಿದ ದಿನಾನೇ ಅದರ ಅರ್ಥ ಬರೆಯೋ ಹಾಗೆ ಮಾಡೋದು ಅದೇ.

ಪ್ರಶ್ನೆ: ಮೇಡಂ, ನಮ್ಮದು ಹಳೇ ಎಕ್ಸ್‌ಎಂಎಲ್ ಸ್ಕೀಮಾ, ಅದರೊಳಗೆ ತುಂಬಾ ಕಮೆಂಟ್ ಬರೆದಿದೀವಿ, ಆದ್ರೆ ಪುಟ ಮಾಡಿದಾಗ ಒಂದೂ ಬರ್ತಿಲ್ಲ. ವಿವರಣೆ ಕನ್ನಡದಲ್ಲೂ ಇರಬೇಕು ಅಂತ ಆಸೆ, ಅದು ಆಗುತ್ತಾ?
— ಮೈಸೂರಿನ ಓದುಗರು

ಉತ್ತರ: ಖಂಡಿತ ಆಗುತ್ತೆ, ಕನ್ನಡದಲ್ಲಿ ಬರೀಬೇಕು ಅನ್ನೋ ನಿಮ್ಮ ಆಸೆ ನೋಡಿ ನಿಜವಾಗ್ಲೂ ಖುಷಿ ಆಯ್ತು. ಮಾಮೂಲಿ ಎಕ್ಸ್‌ಎಂಎಲ್ ಕಮೆಂಟನ್ನ ಟೂಲ್‌ಗಳು ಸಾಮಾನ್ಯವಾಗಿ ಓದಲ್ಲ. ಎಕ್ಸ್‌ಎಂಎಲ್ ಸ್ಕೀಮಾ 2001ರಲ್ಲಿ ವೆಬ್ ಮಾನದಂಡಗಳನ್ನ ಮಾಡೋ ಡಬ್ಲ್ಯೂ3ಸಿ ಸಂಸ್ಥೆಯ ಶಿಫಾರಸಾಗಿ ಬಂದಾಗಲೇ ಇದಕ್ಕೆ ಜಾಗ ಮಾಡಿಟ್ಟಿದಾರೆ, ಆನೋಟೇಷನ್ ಅನ್ನೋ ಟ್ಯಾಗ್, ಅದರೊಳಗೆ ಡಾಕ್ಯುಮೆಂಟೇಷನ್ ಅನ್ನೋ ಟ್ಯಾಗ್. ಒಂದೇ ಆನೋಟೇಷನ್ ಒಳಗೆ ಡಾಕ್ಯುಮೆಂಟೇಷನ್ ಎಷ್ಟು ಬೇಕಾದ್ರೂ ಹಾಕಬಹುದು, ಪ್ರತಿಯೊಂದಕ್ಕೂ ಭಾಷೆಯ ಗುರುತು ಕೊಡಬಹುದು, ಕನ್ನಡಕ್ಕೆ ಕೆ-ಎನ್, ಇಂಗ್ಲಿಷಿಗೆ ಇ-ಎನ್. ಆಮೇಲೆ ಎಕ್ಸ್‌ಎಸ್‌ಎಲ್‌ಟಿ ಸ್ಟೈಲ್‌ಶೀಟಲ್ಲಿ (ಎಕ್ಸ್‌ಎಂಎಲ್‌ನ ಪುಟವಾಗಿ ಬದಲಾಯಿಸೋ ನಿಯಮಗಳ ಫೈಲ್) ಕನ್ನಡದ್ದನ್ನ ಮಾತ್ರ ಆರಿಸಿ ಒಂದು ಪುಟ, ಇಂಗ್ಲಿಷಿನದ್ದು ಇನ್ನೊಂದು ಪುಟ. ಸ್ಟೈಲ್‌ಶೀಟ್ ಮೊದಲಿಂದ ಬರೆಯೋದು ಬೇಡ, ಎಕ್ಸ್‌ಎಸ್‌3ಪಿ ಅಂತ ಒಂದು ಹಳೇದಿದೆ, ಇಡೀ ಸ್ಕೀಮಾವನ್ನ ಲಿಂಕ್‌ಗಳ ಸಮೇತ ಒಂದೇ ಪುಟ ಮಾಡಿಕೊಡುತ್ತೆ, ಅದನ್ನ ತಿದ್ದಿಕೊಳ್ಳಿ, ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಅನ್ನೋ ಕಮಾಂಡಲ್ಲಿ ಓಡಿಸಿ.

ಫೈಲ್ ಯುಟಿಎಫ್-8ರಲ್ಲೇ ಸೇವ್ ಆಗಿರಲಿ, ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದನ್ನ ತಂದು ಅಂಟಿಸಿದ್ರೆ ಪುಟದಲ್ಲಿ ಕಸ ಬರುತ್ತೆ, ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಪಿಡಿಎಫ್ ಬೇಕಂದ್ರೆ ಪುಟವನ್ನ ಬ್ರೌಸರಲ್ಲಿ ತೆರೆದು ಅಲ್ಲಿಂದಲೇ ಪ್ರಿಂಟ್ ಕೊಡಿ, ಎಷ್ಟೋ ಪಿಡಿಎಫ್ ಲೈಬ್ರರಿಗಳು ಒತ್ತಕ್ಷರ ಕೂಡಿಸಲ್ಲ, "ರಾಷ್ಟ್ರ" ಅನ್ನೋ ಪದ ತುಂಡುತುಂಡಾಗಿ ಬರುತ್ತೆ, ಬ್ರೌಸರಲ್ಲಿ ಆ ತೊಂದರೆ ಇಲ್ಲ.

ಪ್ರಶ್ನೆ: ಸ್ಕೀಮಾ ಫೈಲೇ ಇಲ್ಲ, ಬರೀ ಡೇಟಾಬೇಸ್ ಇದೆ. ನಮಗೂ ಇಂಥ ಪುಟ ಸಿಗುತ್ತಾ?
— ಶಿವಮೊಗ್ಗದ ಓದುಗರು

ಉತ್ತರ: ಸಿಗುತ್ತೆ. ಸ್ಕೀಮಾಸ್ಪೈ ಅನ್ನೋ ಜಾವಾ ಟೂಲ್ ಡೇಟಾಬೇಸಿಗೇ ಕನೆಕ್ಟ್ ಆಗಿ ಟೇಬಲ್ಲು, ಕಾಲಮ್ಮು, ಯಾವ ಟೇಬಲ್ಲಿಗೆ ಯಾವುದು ಸಂಬಂಧ ಅನ್ನೋ ಚಿತ್ರ ಎಲ್ಲಾ ಸೇರಿಸಿ ಪುಟ ಮಾಡುತ್ತೆ. ಇಲ್ಲೂ ವಿವರಣೆ ಬರೋದು ನೀವು ಕಾಲಮ್ಮಿಗೆ ಬರೆದ ಕಮೆಂಟಿಂದ, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡರಲ್ಲೂ ಪ್ರತಿ ಕಾಲಮ್ಮಿಗೆ ಕಮೆಂಟ್ ಬರೆಯೋ ಸೌಲಭ್ಯ ಇದೆ. ಕನೆಕ್ಟ್ ಮಾಡೋವಾಗ ಓದೋಕೆ ಮಾತ್ರ ಅನುಮತಿ ಇರೋ ಯೂಸರ್ ಕೊಡಿ, ಮತ್ತೆ ಈ ಪುಟ ಆಫೀಸಿನ ಒಳಗೇ ಇರಲಿ, ಟೇಬಲ್ ಹೆಸರುಗಳು ಹೊರಗಿನವರಿಗೆ ಕಾಣೋದು ಬೇಡ.