ಫ್ರಾನ್ಸ್‌ನಲ್ಲಿ ಕಾರಿಲ್ಲದ ಜಲ್ಲಿ ದಾರಿ ಬೇಕಾ? ಮಿದಿ ಕಾಲುವೆ ಬಿಡಿ, ಬ್ರಿಟನಿ ಪ್ರಾಂತ್ಯಕ್ಕೆ ಬನ್ನಿ

ನಿಮ್ಮ ಪ್ರಶ್ನೆ ಇಷ್ಟು: ಗಂಡ ಹೆಂಡತಿ ಇಬ್ಬರೂ ಫ್ರಾನ್ಸ್‌ನಲ್ಲಿ ಒಂದು ವಾರ ಸೈಕಲ್ ತುಳಿಯಬೇಕು. ನಂದಿ ಬೆಟ್ಟದ ಕಡೆ ಲಾರಿಗಳ ಪಕ್ಕ ತುಳಿದು ಸಾಕಾಗಿದೆ, ಹಾಗಾಗಿ ಕಾರು ಲಾರಿ ಇರಬಾರದು. ಡಾಂಬರೂ ಬೇಡ, ಹಳ್ಳಿಗಳ ನಡುವೆ ಹೋಗುವ ಜಲ್ಲಿ ದಾರಿ ಬೇಕು. ಎಲ್ಲರೂ ದಕ್ಷಿಣ ಫ್ರಾನ್ಸ್‌ನ ಕನಾಲ್ ದು ಮಿದಿ ಕಾಲುವೆಯ ದಂಡೆ ಅಂತಾರೆ, ಅದು ಸರಿಯಾ?

ನಾನು ಫ್ರಾನ್ಸ್‌ನ ವಾಯವ್ಯ ಮೂಲೆಯ ಬ್ರಿಟನಿ ಪ್ರಾಂತ್ಯದ ರೆನ್ ನಗರದಲ್ಲಿ ಕೆಲಸ ಮಾಡುತ್ತೇನೆ, ರಜೆ ಸಿಕ್ಕಾಗಲೆಲ್ಲ ಸೈಕಲ್ ಹತ್ತುತ್ತೇನೆ. ಆದ್ದರಿಂದ ಸ್ವಲ್ಪ ಪಕ್ಷಪಾತ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೂ ನನ್ನ ಉತ್ತರ ಒಂದೇ: ನಾಂತ್–ಬ್ರೆಸ್ಟ್ ಕಾಲುವೆ. ಅದೂ ಪಶ್ಚಿಮದಿಂದ ಪೂರ್ವಕ್ಕೆ.

ಮೊದಲು ಮಿದಿ ವಿಷಯ ಮುಗಿಸೋಣ. 1666ರಿಂದ 1681ರವರೆಗೆ ಪಿಯೆರ್ ಪೋಲ್ ರಿಕೆ ಕಟ್ಟಿಸಿದ ಕಾಲುವೆ ಅದು, 240 ಕಿ.ಮೀ. ಉದ್ದ, ಯುನೆಸ್ಕೋ ಪಟ್ಟಿಯಲ್ಲಿದೆ. ನೋಡಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ತುಲೂಸ್‌ನಿಂದ ಹೊರಟರೆ ಮೊದಲ 50 ಕಿ.ಮೀ. ಹತ್ತಿರ ಹತ್ತಿರ ಪೂರ್ತಿ ಡಾಂಬರು. ಆಮೇಲೆ ದಾರಿ ಒಂದೇ ಸಮ ಇರುವುದಿಲ್ಲ. ಕೆಲವು ಕಡೆ ಸರಿ ಮಾಡಿದ್ದಾರೆ, ಕೆಲವು ಕಡೆ ಒಂದು ಗೇಣಗಲದ ಕಾಲುದಾರಿ, ಅದರಲ್ಲಿ ಪ್ಲೇನ್ ಮರದ ಬೇರುಗಳು. ಒಂದು ಗಂಟೆ ತುಳಿದರೆ ಮಣಿಕಟ್ಟು ನೋಯುತ್ತದೆ. ನೆರಳಿನ ಫೋಟೋ ನೋಡಿ ಹೋಗುವವರಿಗೆ ಇನ್ನೊಂದು ನಿರಾಸೆ ಕಾದಿದೆ. 2006ರಲ್ಲಿ ಆ ಮರಗಳಿಗೆ ಒಂದು ಶಿಲೀಂಧ್ರ ರೋಗ ತಗುಲಿತು. ಒಟ್ಟು 42,000 ಮರಗಳಿದ್ದವು, ಅದರಲ್ಲಿ ಸಾವಿರಾರನ್ನು ಕಡಿದು ಸುಟ್ಟಿದ್ದಾರೆ. ಹೊಸ ಸಸಿ ನೆಟ್ಟಿದ್ದಾರೆ, ಆದರೆ ಆಗಸ್ಟ್ ಬಿಸಿಲಿಗೆ ಸಸಿಯ ನೆರಳು ಎಷ್ಟು ಬೀಳುತ್ತದೆ ಹೇಳಿ. ಆ ದಾರಿಯಲ್ಲಿ ಸಿಗುವ ಕಾರ್ಕಾಸೋನ್ ಕೋಟೆ ನೋಡಬೇಕಿದ್ದರೆ ರೈಲಿನಲ್ಲಿ ಹೋಗಿ ಬನ್ನಿ.

ಈಗ ನಮ್ಮ ಕಾಲುವೆ. ನೆಪೋಲಿಯನ್ ಕಾಲದಲ್ಲಿ ಬ್ರಿಟಿಷ್ ನೌಕಾಪಡೆ ಸಮುದ್ರದಲ್ಲಿ ದಿಗ್ಬಂಧನ ಹಾಕಿತ್ತು. ಬ್ರೆಸ್ಟ್‌ನ ನೌಕಾನೆಲೆಗೆ ಸಾಮಾನು ಒಳನಾಡಿನಿಂದಲೇ ಸಾಗಬೇಕು ಅಂತ 1811ರಲ್ಲಿ ಕೆಲಸ ಶುರುವಾಯಿತು. ಮುಗಿಯುವಾಗ 1842. ಅಷ್ಟು ಹೊತ್ತಿಗೆ ಯುದ್ಧವೂ ಇಲ್ಲ, ನೆಪೋಲಿಯನ್ನೂ ಇಲ್ಲ. ಆಮೇಲೆ ರೈಲು ಬಂತು, ದೋಣಿ ವ್ಯಾಪಾರ ಕುಗ್ಗಿತು. ಉಳಿದದ್ದು ಸುಮಾರು 360 ಕಿ.ಮೀ. ನೀರು, ಅದರ ಪಕ್ಕದಲ್ಲಿ ಕುದುರೆಗಳು ದೋಣಿ ಎಳೆಯಲು ಮಾಡಿದ್ದ ದಾರಿ. ಮಂಡ್ಯದ ಕಡೆಯವರಾದರೆ ನಾಲೆ ಏರಿ ನೆನೆಸಿಕೊಳ್ಳಿ, ಬೈಕು ಟ್ರ್ಯಾಕ್ಟರ್ ಮಾತ್ರ ತೆಗೆದುಬಿಡಿ.

ನೆಲ ಹೇಗಿದೆ ಅನ್ನುವುದೇ ನಿಮಗೆ ಮುಖ್ಯ ಅಲ್ವಾ? ಇಲ್ಲಿನವರು ಅದನ್ನು ಸ್ತಾಬಿಲಿಜೆ ಅಂತಾರೆ. ಸಣ್ಣ ಜಲ್ಲಿ ಮತ್ತು ಮರಳನ್ನು ಹಾಸಿ, ರೋಲರ್ ಹೊಡೆದು ಗಟ್ಟಿ ಮಾಡಿದ ದಾರಿ. ಒಣಗಿದ್ದಾಗ ಚಕ್ರದಡಿ ಸರಸರ ಅನ್ನುತ್ತದೆ, ಡಾಂಬರಿಗಿಂತ ಸ್ವಲ್ಪವೇ ನಿಧಾನ. ಮಳೆ ಬಂದರೆ ಬೂದು ಬಣ್ಣದ ರಾಡಿ ಎದ್ದು ಚೈನಿಗೆ ಹತ್ತುತ್ತದೆ, ಸಂಜೆ ಬ್ರೇಕ್ ಪ್ಯಾಡ್ ತಿಕ್ಕಿ ತೊಳೆಯಬೇಕು. ಮಡ್‌ಗಾರ್ಡ್ ಇಲ್ಲದ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಬೇಡಿ. ದುಬಾರಿ ಗ್ರಾವೆಲ್ ಸೈಕಲ್ಲೇ ಬೇಕು ಅಂತ ಏನಿಲ್ಲ. 38 ಅಥವಾ 40 ಮಿ.ಮೀ. ಟೈರ್ ಇರುವ ಸಾಧಾರಣ ಟ್ರೆಕಿಂಗ್ ಸೈಕಲ್ ಸಾಕು. ಗಾಳಿ ಸ್ವಲ್ಪ ಕಡಿಮೆ ಇಡಿ.

ಹೆಚ್ಚಿನವರು ನಾಂತ್‌ನಿಂದ ಹೊರಡುತ್ತಾರೆ. ನಾನು ಉಲ್ಟಾ ಹೇಳುತ್ತೇನೆ. ಬ್ರಿಟನಿಯಲ್ಲಿ ಗಾಳಿ ಜಾಸ್ತಿ ಬೀಸುವುದು ಪಶ್ಚಿಮದಿಂದ, ಅದು ಬೆನ್ನಿಗಿದ್ದರೆ ದಿನವೇ ಬೇರೆ. ಪ್ಯಾರಿಸ್‌ನಿಂದ ಕ್ಯಾಂಪೇರ್‌ಗೆ ಟಿಜಿವಿ ಅನ್ನುವ ವೇಗದ ರೈಲು, ಅಲ್ಲಿಂದ ಸಣ್ಣ ರೈಲಿನಲ್ಲಿ ಶಾತೋಲಾಂ. ಅಲ್ಲಿ ಇಳಿದರೆ ಕಾಲುವೆ ದಂಡೆ ಹತ್ತಿರದಲ್ಲೇ. ಅಲ್ಲಿಂದ ರೆದೋಂ ತನಕ ಸುಮಾರು 270 ಕಿ.ಮೀ. ಒಂದು ವಾರಕ್ಕೆ ಹೇಳಿ ಮಾಡಿಸಿದ ಹಾಗಿದೆ. ರೆದೋಂನಲ್ಲಿ ಪ್ಯಾರಿಸ್ ರೈಲು ಸಿಗುತ್ತದೆ, ನಾಂತ್ ತನಕ ಹೋಗಲೇಬೇಕು ಅಂತಿಲ್ಲ.

ದಾರಿ ತಪ್ಪುವ ಭಯ ಇಲ್ಲ. ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟಿನ ಕಟ್ಟೆಗಳಿಗೆ ಲಾಕ್ ಅಂತಾರೆ. ಅವುಗಳಿಗೆ ನಾಂತ್‌ನಿಂದ ನಂಬರ್ ಹಾಕಿದ್ದಾರೆ, ಪಶ್ಚಿಮದ ತುದಿಯಲ್ಲಿ 237. ನೀವು ತುಳಿದ ಹಾಗೆಲ್ಲ ನಂಬರ್ ಇಳಿಯುತ್ತಾ ಬರುತ್ತದೆ. ಹೆಚ್ಚಿನ ಲಾಕ್‌ಗಳ ಪಕ್ಕ ಗೇಟು ಕಾಯುವವರಿಗೆ ಕಟ್ಟಿದ ಒಂದು ಕಲ್ಲಿನ ಮನೆ ಇದೆ. ಕೆಲವು ಖಾಲಿ, ಕೆಲವು ಕಾಫಿ ಅಂಗಡಿ ಆಗಿವೆ, ಕೆಲವದರಲ್ಲಿ ರಾತ್ರಿ ಉಳಿಯಬಹುದು. ಕಾಲುವೆ ದಾರಿ ಸಪಾಟು ಅನ್ನುತ್ತಾರಲ್ಲ, ನಿಜ. ಆದರೆ ಲಾಕ್ ಬಂದ ಕಡೆ ಮಾತ್ರ ದಾರಿ ಒಂದು ಆಳೆತ್ತರ ಗಪ್ಪನೆ ಏರುತ್ತದೆ ಅಥವಾ ಇಳಿಯುತ್ತದೆ. ಪೊಂತಿವಿ ಮತ್ತು ರೋಆಂ ಊರುಗಳ ನಡುವೆ 50ಕ್ಕೂ ಹೆಚ್ಚು ಲಾಕ್‌ಗಳಿವೆ. ಅಲ್ಲಿನ ಕೆಲವು ಭಾಗದಲ್ಲಿ ಒಂದರ ಗೇಟಿನ ಹತ್ತಿರ ನಿಂತರೆ ಮುಂದಿನದು ಕಾಣುತ್ತದೆ, ಅದರಾಚೆಯದೂ ಕಾಣುತ್ತದೆ. ನನಗೆ ಇಡೀ ದಾರಿಯಲ್ಲಿ ತುಂಬಾ ಇಷ್ಟವಾದ ಭಾಗ ಅದು.

ಗ್ಲೋಮೆಲ್ ಹತ್ತಿರ ಕಾಲುವೆ ಒಂದು ಆಳವಾದ ಕಣಿವೆಯೊಳಗೆ ನುಗ್ಗುತ್ತದೆ. ಅದು ಕಣಿವೆ ಅಲ್ಲ, ಕೈಯಲ್ಲಿ ಅಗೆದದ್ದು. ಸುಮಾರು 3 ಕಿ.ಮೀ. ಉದ್ದ, ಕೆಲವು ಕಡೆ 20 ಮೀಟರಿಗೂ ಹೆಚ್ಚು ಆಳ. 1823ರಿಂದ 1832ರವರೆಗೆ ಶಿಕ್ಷೆಗೊಳಗಾದ ಕೈದಿಗಳಿಂದ ಅಗೆಸಿದರು. ಕಾರೆ ಊರಿನ ಕಡೆಯಿಂದ ಬರುವಾಗ ಹಳೇ ರೈಲು ದಾರಿಯೂ ಸಿಗುತ್ತದೆ, ಬೋರ್ಡುಗಳು ನಿಮ್ಮನ್ನು ಆ ಕಡೆ ಎಳೆಯಬಹುದು. ಹೋಗಬೇಡಿ, ಗ್ವಾರೆಕ್ ತನಕ ನೀರಿನ ಪಕ್ಕದಲ್ಲೇ ಇರಿ.

ಗ್ವಾರೆಕ್ ಆದ ಮೇಲೆ ಬೊಂ ರಪೋ ಮಠ. 1184ರಲ್ಲಿ ಸ್ಥಾಪನೆಯಾದದ್ದು. ಅಲ್ಲಿಂದ ಮುಂದೆ ಕಾಲುವೆ ಮಾಯ! 1930ರಲ್ಲಿ ಗೆರ್ಲೆದಾಂ ಅಣೆಕಟ್ಟು ಮುಗಿದಾಗ ಕಣಿವೆ ಮುಳುಗಿತು, ಲಾಕ್‌ಗಳು, ಅವುಗಳ ಮನೆಗಳು ಎಲ್ಲ ನೀರಿನಡಿ ಹೋದವು. ಅಣೆಕಟ್ಟಿನಲ್ಲಿ ದೋಣಿ ದಾಟಿಸುವ ವ್ಯವಸ್ಥೆ ಮಾಡಲೇ ಇಲ್ಲ. ಹಾಗಾಗಿ ನಾಂತ್‌ನಿಂದ ಬ್ರೆಸ್ಟ್‌ಗೆ ಒಂದೇ ದೋಣಿಯಲ್ಲಿ ಹೋಗುವುದು ಅಂದಿಗೇ ನಿಂತಿತು. 2015ರಲ್ಲಿ ರಿಪೇರಿಗೆ ಅಂತ ಕೆರೆ ಖಾಲಿ ಮಾಡಿದಾಗ ಕೆಸರಿನಿಂದ ಆ ಹಳೇ ಗೋಡೆಗಳು ಎದ್ದು ಬಂದಿದ್ದವು, ಜನ ಜಾತ್ರೆಗೆ ಬಂದ ಹಾಗೆ ಬಂದರು. ಈಗ ನೀವು ಈ ಭಾಗವನ್ನು ಬಳಸಿ ಹೋಗಬೇಕು. ಅದಕ್ಕೆ ಹಳೇ ಮೀಟರ್ ಗೇಜ್ ರೈಲಿನ ದಾರಿ ಇದೆ, ಕಾಡಿನ ನಡುವೆ ಮ್ಯೂರ್ ದ ಬ್ರೆತಾನ್ಯ್ ತನಕ. ಹೌದು, ಟೂರ್ ದ ಫ್ರಾನ್ಸ್‌ನವರು ಹತ್ತುವ ಆ ನೆಟ್ಟಗಿನ ಏರು ಇರುವ ಊರೇ. ಎರಡೇ ಕಿ.ಮೀ. ನಂದಿ ಹತ್ತಿದವರಿಗೆ ಏನು ದೊಡ್ಡದಲ್ಲ, ಚೀಲ ಕೆಳಗಿಟ್ಟು ಸುಮ್ನೆ ಒಂದು ಕೈ ನೋಡಿ. ಅಣೆಕಟ್ಟಿನ ಕೆಳಗೆ ಕಾಲುವೆ ಮತ್ತೆ ಸಿಗುತ್ತದೆ.

ಮುಂದೆ ಜೋಸ್ಲಾಂ. ನೀರಿನಿಂದಲೇ ನೇರ ಎದ್ದ ಹಾಗೆ ಮೂರು ಗೋಪುರದ ಕೋಟೆ, ರೋಆಂ ಮನೆತನದ್ದು. ಎಲ್ಲರೂ ಅಲ್ಲಿ ನಿಂತು ಫೋಟೋ ಹೊಡೆದು ಮುಂದಿನ ಮಾಲೆತ್ರುವಾ ಊರನ್ನು ದಾಟಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಅಲ್ಲಿ ಚರ್ಚಿನ ಎದುರಿನ ಮರದ ಮನೆಗಳ ತೊಲೆಗಳನ್ನು ತಲೆ ಎತ್ತಿ ನೋಡಿ. ಒಂದು ಹೆಣ್ಣು ಹಂದಿ ನೂಲು ತೆಗೆಯುತ್ತಿರುತ್ತದೆ, ಒಂದು ಮೊಲ ಚೀಲದ ಪೀಪಿ ಊದುತ್ತಿರುತ್ತದೆ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಕಾಲುವೆ ದಾರಿ ಕೆಲವರಿಗೆ ಬೇಜಾರು ಬರಿಸುತ್ತದೆ. ಒಂದು ಕಡೆ ನೀರು, ಒಂದು ಕಡೆ ಮರ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯುತ್ತದೆ. ಅದಕ್ಕೆ ಮದ್ದು, ಸೇತುವೆ ಸಿಕ್ಕಾಗ ಮೇಲೆ ಹತ್ತಿ ಹಳ್ಳಿಗೆ ಹೋಗಿ ಬರುವುದು. ಆಗ ಊರಿನ ಸಣ್ಣ ರಸ್ತೆಯಲ್ಲಿ ಒಂದೋ ಎರಡೋ ಕಾರು ಸಿಗುತ್ತದೆ, ತಡೆದುಕೊಳ್ಳಿ. ದಂಡೆಯಲ್ಲೂ ಯಾವಾಗಲಾದರೂ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಬರುತ್ತದೆ.

ನೀರು, ಊಟ. ಫ್ರೆಂಚ್ ಸ್ಮಶಾನಗಳಲ್ಲಿ ಹೂಗಿಡಕ್ಕೆ ಹಾಕಲು ನಲ್ಲಿ ಇರುತ್ತದೆ, ಇಲ್ಲಿನ ಸೈಕಲ್‌ನವರೆಲ್ಲ ಬಾಟಲಿ ತುಂಬಿಸುವುದು ಅಲ್ಲೇ. ನಮಗೆ ಮೊದಲು ಮುಜುಗರ ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ‘ನೋಂ ಪೊತಾಬ್ಲ್’ ಅಂತ ಬೋರ್ಡಿದ್ದರೆ ಮಾತ್ರ ಕುಡಿಯಬೇಡಿ. ಸಣ್ಣ ಊರಿನಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚುತ್ತಾರೆ, ಭಾನುವಾರ ಮಧ್ಯಾಹ್ನದ ಮೇಲೆ ಏನೂ ಸಿಗುವುದಿಲ್ಲ, ಸೋಮವಾರ ಎಷ್ಟೋ ಬೇಕರಿಗಳಿಗೆ ರಜೆ. ಶನಿವಾರವೇ ಚೀಲ ತುಂಬಿಸಿಕೊಳ್ಳಿ. ಸಸ್ಯಾಹಾರಿಗಳಾದರೆ ಬಕ್‌ವೀಟ್ ಹಿಟ್ಟಿನ ಗಾಲೆತ್, ಅಂದರೆ ತೆಳು ದೋಸೆ, ನಿಮ್ಮ ಪಾಲಿನ ಆಪದ್ಬಾಂಧವ. ‘ಕೊಂಪ್ಲೆತ್’ ಅಂದರೆ ಹಂದಿ ಮಾಂಸ ಬರುತ್ತದೆ, ‘ಫ್ರೊಮಾಜ್’ ಅಂತ ಕೇಳಿ, ಬರೀ ಚೀಸ್. ಕಾವಲಿಗೆ ಹಂದಿ ಕೊಬ್ಬು ಸವರುವ ಅಂಗಡಿಗಳೂ ಇವೆ, ಕಟ್ಟುನಿಟ್ಟಾಗಿದ್ದರೆ ಮೊದಲೇ ವಿಚಾರಿಸಿ.

ಕಾಲುವೆ ಬೇಡವೇ ಬೇಡ, ಬೆಟ್ಟ ಕಾಣಬೇಕು ಅಂದರೆ ದಕ್ಷಿಣದ ಪಾಸಾ ಪಾಯಿಸ್‌ಗೆ ಹೋಗಿ. ಮಾಜಾಮೆಯಿಂದ ಬೆದಾರ್ಯೂ ತನಕ ಹಳೇ ರೈಲು ದಾರಿ, 75 ಕಿ.ಮೀ. ಮೇಲೆ, ಹೆಚ್ಚಿನ ಭಾಗ ಜಲ್ಲಿ. ರೈಲಿಗೆ ಮಾಡಿದ ಏರು ಆದ್ದರಿಂದ ಮೊಣಕಾಲಿಗೆ ಗೊತ್ತೇ ಆಗುವುದಿಲ್ಲ. ನಡುವೆ ಒಂದು ಉದ್ದ ಸುರಂಗ ಬರುತ್ತದೆ. ಅದರ ಈ ಕಡೆ ಬಿದ್ದ ಮಳೆ ಅಟ್ಲಾಂಟಿಕ್‌ಗೆ, ಆ ಕಡೆಯದು ಮೆಡಿಟರೇನಿಯನ್‌ಗೆ. ಹೆಡ್‌ಲೈಟ್ ಇಟ್ಟುಕೊಳ್ಳಿ. ಆದರೆ ಎರಡು ಮೂರು ದಿನಕ್ಕೆ ಮುಗಿದುಹೋಗುತ್ತದೆ, ಒಂದು ವಾರಕ್ಕೆ ಸಾಲದು. ಬರ್ಗಂಡಿಯಲ್ಲಿ ಜಿವ್ರಿಯಿಂದ ಕ್ಲುನಿ ತನಕದ ದಾರಿಯನ್ನೂ ಕೆಲವರು ಹೇಳುತ್ತಾರೆ. ಇಂಥ ರೈಲು ದಾರಿಗಳಲ್ಲಿ ಮೊದಲು ತೆರೆದವುಗಳಲ್ಲಿ ಅದೂ ಒಂದು, 1997ರಲ್ಲಿ. ಚೆನ್ನಾಗಿದೆ, ಆದರೆ ಡಾಂಬರು.

ರೂಮಿಗೆ ‘ಆಕ್ಯೋಯ್ ವೆಲೋ’ (ಸೈಕಲ್‌ನವರಿಗೆ ಸ್ವಾಗತ) ಫಲಕ ಇರುವ ಕಡೆ ನೋಡಿ. ದಾರಿಯಿಂದ 5 ಕಿ.ಮೀ. ಒಳಗೇ ಇರುತ್ತಾರೆ, ಸೈಕಲ್ ಇಡಲು ಬೀಗದ ಜಾಗ ಇರುತ್ತದೆ. ಟಿಜಿವಿಯಲ್ಲಿ ಬಿಚ್ಚದ ಸೈಕಲ್‌ಗೆ ಟಿಕೆಟ್ ಜೊತೆಗೇ ಜಾಗ ಕಾದಿರಿಸಬೇಕು, ಎಲ್ಲ ರೈಲಿನಲ್ಲೂ ಆ ಜಾಗ ಇಲ್ಲ. ಆದ್ದರಿಂದ ಮೊದಲು ರೈಲು, ಆಮೇಲೆ ರೂಮು. ತಿಂಗಳು ಜೂನ್ ಅಥವಾ ಸೆಪ್ಟೆಂಬರ್ ಇಟ್ಟುಕೊಳ್ಳಿ. ಜುಲೈ ಮಧ್ಯದ ವಾರ ಮಾತ್ರ ಬೇಡ. ಕಾರೆಯಲ್ಲಿ ವಿಯೆಯ್ ಶಾರ್ಯೂ ಸಂಗೀತ ಉತ್ಸವ ನಡೆಯುತ್ತದೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ಆ ಸುತ್ತಿನಲ್ಲಿ ಟೆಂಟ್ ಹಾಕಲೂ ಜಾಗ ಸಿಗುವುದು ಕಷ್ಟ.